ಹಳದಿ ಮನೆ, ನೀಲಿ ಕಟ್ಟೆ

ಒಂದು ರವಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಯಾರದೋ ಮಿಕ್ಸರಿನ ಪರೀಕ್ಷೆ ನಡೆಸಿದ್ದೆ. ಹೊಸ ಕಪ್ಲರ್ ಹಾಕಿಯಾಗಿತ್ತು, ಸವೆದ ಕಾರ್ಬನ್ ಬ್ರಶ್ ಬದಲಿಸಿಯಾಗಿತ್ತು. ಇನ್ನು ಜಾರು ಕೂಡಿಸಿ ಗುಂಡಿ ತಿರುವಿದರೆ ಕೆಲಸ ಮುಗಿದಂತೆ. ತಿರುವಿದೆ. ಜಾರಿನ ತಳದಲ್ಲಿ ಆ ಮನೆಯವರು ತೊಳೆಯದೆ ಬಿಟ್ಟಿದ್ದ ಕೆಂಪು ಮೆಣಸಿನಕಾಯಿ ಚಟ್ನಿ ಒಂದೆರಡು ಚಮಚೆಯಷ್ಟು ಇದೆ ಎಂಬುದೂ, ಜಾರಿಗೆ ಮುಚ್ಚಳವೆಂಬುದೊಂದು ಇರುತ್ತದೆ ಎಂಬುದೂ ನನಗೆ ಒಟ್ಟಿಗೇ ತಿಳಿದವು. ಸರಿಯಾಗಿ ಅದೇ ಗಳಿಗೆಗೆ ಗೇಟು ತೆಗೆದು ಒಬ್ಬರು ಒಳಗೆ ಬಂದರು. ಬಿಳಿ ಅಂಗಿ ತೊಟ್ಟಿದ್ದರು. ಬಂದಾಗ ತೊಟ್ಟಿದ್ದರು ಎನ್ನಬೇಕು. ಆಮೇಲೆ ಅವರು ಬಾಗಲಕೋಟೆಯ ಹೋಳಿಯಲ್ಲಿ ಬಣ್ಣದ ಬಂಡಿಗೆ ಎದುರಾದವರ ಹಾಗೆ ನಿಂತಿದ್ದರು.

ಬಂದವರು ಮನೆಪಟ್ಟಿ ಕೇಳಲು ಬಂದವರು. ಪುಣ್ಯಕ್ಕೆ ನನ್ನ ಹಳೆಯ ವಿದ್ಯಾರ್ಥಿ. ಅಥವಾ ದುರದೃಷ್ಟಕ್ಕೆ, ಯಾಕೆಂದರೆ ಒಂಬತ್ತನೆಯ ಇಯತ್ತೆಯಲ್ಲಿ ಪೈಥಾಗೊರಸನ ಪ್ರಮೇಯಕ್ಕಾಗಿ ನಾನು ಅವನ ಕಿವಿ ಹಿಂಡಿದ್ದು ಇಬ್ಬರಿಗೂ ನೆನಪಿತ್ತು.

“ಕಣ್ಣಾಗ ಬಿದ್ದಿಲ್ಲ ಬಿಡ್ರಿ ಸರ,” ಎಂದ ದೊಡ್ಡ ಮನಸ್ಸಿನಿಂದ. ಕರವಸ್ತ್ರದಿಂದ ಅಂಗಿ ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕಣ್ಣಾಡಿಸಿದ. ಹನ್ನೊಂದು ಮಿಕ್ಸರು, ನಾಲ್ಕು ಫ್ಯಾನು, ಎರಡು ಇಸ್ತ್ರಿಪೆಟ್ಟಿಗೆ, ಬೆನ್ನು ಬಿಚ್ಚಿಕೊಂಡು ಮಲಗಿದ ಒಂದು ರೇಡಿಯೋ. “ಅಂಗಡಿ ಯಾವಾಗ ಹಾಕಿದ್ರಿ ಸರ?”

“ಅಂಗಡಿ ಅಲ್ಲಪ್ಪ. ಸುಮ್ಮ ಹೊತ್ತು ಹೋಗಲಿ ಅಂತ.”

“ಹೊತ್ತು ಭಾಳ ಹೋಗಾಕತ್ತೈತಿ ಸರ. ಒಂದು ಪರವಾನಗಿ ಮಾಡಿಸಿ ಇಟ್ಟಬಿಡ್ರಿ. ನಾಳೆ ಯಾರರ ತಕರಾರು ಅರ್ಜಿ ಕೊಟ್ರಂದ್ರ ನಾನು ನಿಮ್ಮ ಮನಿಗೆ ನೋಟೀಸು ಹಿಡಕೊಂಡು ಬರೂದು ಚಂದ ಕಾಣೂದಿಲ್ಲ.”

ಹೀಗೆ ಶುರುವಾಯಿತು. ಊರು ಯಾವುದು, ಕಚೇರಿ ಯಾವುದು ಎಂದು ಮಾತ್ರ ಕೇಳಬೇಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಈ ನಾಲ್ಕೂ ಕಡೆ ನೌಕರಿ ಮಾಡಿದವನು ನಾನು. ನಾಲ್ಕರ ಪೈಕಿ ಎಲ್ಲೋ ಒಂದು ಕಡೆ ಎನ್.ಎ. ಆದ ಪ್ಲಾಟು ಹಿಡಿದು ಮನೆ ಕಟ್ಟಿಕೊಂಡಿದ್ದೇನೆ. ಆ ಕಚೇರಿಯ ಜೊತೆ ಇನ್ನೂ ಬಾಳುವೆ ಮಾಡಬೇಕಿದೆ.

ಗಣಿತದ ಮಾಸ್ತರನಿಗೆ ಮಿಕ್ಸರಿನ ಉಸಾಬರಿ ಯಾಕೆ ಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನನ್ನ ಹೆಂಡತಿಗೆ ಮೂವತ್ತು ವರ್ಷದಿಂದ ಅನ್ನಿಸುತ್ತಿದೆ. ಬಾಡಿಗೆ ಮನೆಗಳಿಂದ ಹತ್ತಿದ ಚಟ ಇದು. ಮನೆ ಮಾಲಕರ ಫ್ಯಾನು ನಿಂತಿತೆಂದರೆ ಕಂಡೆನ್ಸರ್ ಬದಲಿಸಿ ಕೊಡುವುದು, ಅವರು ಖುಷಿಯಾಗಿ ಆ ವರ್ಷ ಬಾಡಿಗೆ ಏರಿಸದಿರುವುದು. ನಿವೃತ್ತಿಯಾದ ಮೇಲೆ ಪಿಂಚಣಿ ಬಂತು, ಬಾಡಿಗೆ ಹೋಯಿತು, ಚಟ ಉಳಿಯಿತು. ಮೊದಲು ಓಣಿಯವರು ತಂದರು, ಆಮೇಲೆ ಓಣಿಯವರ ಬೀಗರು ತಂದರು. ದುಡ್ಡು ಬೇಡ ಎಂದರೆ ಜನಕ್ಕೆ ನಂಬಿಕೆ ಬರುವುದಿಲ್ಲ ಎಂದು ಕಂಡುಕೊಂಡು ಐವತ್ತು, ನೂರು ತೆಗೆದುಕೊಳ್ಳತೊಡಗಿದೆ. ಕಾಯ್ದೆಯ ಕಣ್ಣಿಗೆ ಹವ್ಯಾಸ ಉದ್ದಿಮೆಯಾಗುವುದು ಆ ಐವತ್ತು ರೂಪಾಯಿಯಲ್ಲೇ ಇರಬೇಕು.

ಕಸುಬಿನ ಗುಟ್ಟೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಸತ್ತೇಹೋಯಿತು ಎಂದು ಜನ ಹೊತ್ತು ತರುವ ಮಿಕ್ಸರುಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ. ಹೊರೆ ಜಾಸ್ತಿಯಾಗಿ ತಾವೇ ಕೈಬಿಟ್ಟು ಕೂತಿರುತ್ತವೆ. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಎದ್ದು ಕೂರುತ್ತವೆ. ಇದನ್ನು ಅವರ ಎದುರಿಗೇ ಒತ್ತಿ ಕೊಟ್ಟರೆ ಅವಮಾನ ಮಾಡಿದಂತಾಗುತ್ತದೆ. ಆದ್ದರಿಂದ “ನಾಳೆ ಬರ್ರಿ, ನೋಡ್ತೀನಿ” ಎನ್ನುತ್ತೇನೆ. ಕಟ್ಟೆಯ ಮೇಲೆ ಹನ್ನೊಂದು ಮಿಕ್ಸರು ಸೇರುವುದು ಹೀಗೆ. ಒತ್ತಿದ ಮೇಲೂ ಏಳದವು ನಿಜವಾದ ರೋಗಿಗಳು.

ಮನೆಯಲ್ಲಿ ಕೆಲಸ ಮಾಡುವುದಕ್ಕೆ ಯಾರದಾದರೂ ಅಪ್ಪಣೆ ಬೇಕು ಎಂಬ ಮಾತೇ ನನ್ನ ತಲೆಗೆ ಹೊಳೆದಿರಲಿಲ್ಲ. ಇದಕ್ಕೆ ಇಳಕಲ್ಲೇ ಕಾರಣ. ಮೊದಲ ನೌಕರಿ ಅಲ್ಲಿ. ಬಾಡಿಗೆಗೆ ಇದ್ದದ್ದು ನೇಕಾರರ ಮನೆಯ ಹಿಂಬದಿಯ ಖೋಲಿಯಲ್ಲಿ. ಆ ಮನೆಯ ಪಡಸಾಲೆಯ ನೆಲದಲ್ಲೇ ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಯಜಮಾನರು ಕೂತರೆಂದರೆ ಸೊಂಟದಿಂದ ಮೇಲಿನ ಭಾಗ ಮನೆಯಲ್ಲಿ, ಕೆಳಗಿನ ಭಾಗ ಉದ್ದಿಮೆಯಲ್ಲಿ. ಅವರ ಹೆಂಡತಿ ಒಲೆಯ ಮೇಲೆ ರೊಟ್ಟಿ ಹಾಕಿ ಬಂದು ಕೊಂಡಿ ಕೂಡಿಸುತ್ತಿದ್ದರು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಸಿಲುಕಿಸಿ ಜೋಡಿಸುವುದು ಕೊಂಡಿ. ಆ ಜೋಡಣೆ ಆದ ಮೇಲೆಯೇ ಕೆಂಪು ಸೆರಗಿನ ಮೇಲೆ ತೋಪುತೆನೆ ಮೂಡುವುದು. ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಹತ್ತಿತು ಎಂದು ನೋಡಲು ನನ್ನಂಥವರು ಕನ್ನಡಕ ಏರಿಸಬೇಕು. ಆ ಮನೆಯಲ್ಲಿ ಅಡುಗೆ ಎಲ್ಲಿ ಮುಗಿದು ನೇಯ್ಗೆ ಎಲ್ಲಿ ಹತ್ತುತ್ತಿತ್ತು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಲಾಳಿಯ ಸದ್ದಿಗೆ ಅವರ ಮೊಮ್ಮಗು ನಿದ್ದೆ ಹೋಗುತ್ತಿತ್ತು, ಮಗ್ಗ ನಿಂತರೆ ಎದ್ದು ಅಳುತ್ತಿತ್ತು. ಸದ್ದು ಉಪದ್ರವ ಎಂದು ಬರೆದ ಕಾಯ್ದೆಯವರು ಆ ಮಗುವನ್ನು ಕೇಳಬೇಕಿತ್ತು.

ಇರಲಿ, ಕಚೇರಿಗೆ ಹೋದೆ. ಉದ್ದಿಮೆ ಪರವಾನಗಿ ಯಾರು ಕೊಡುತ್ತಾರೆ ಎಂದರೆ ಆರೋಗ್ಯ ಶಾಖೆಯ ಕಡೆಗೆ ಕೈ ತೋರಿಸಿದರು. ಮೊದಲು ಗೊಂದಲವಾಯಿತು; ಆಮೇಲೆ ಮಿಕ್ಸರಿನ ವೈದ್ಯ ಆರೋಗ್ಯ ಶಾಖೆಗಲ್ಲದೆ ಇನ್ನೆಲ್ಲಿಗೆ ಹೋದಾನು ಎಂದು ಸಮಾಧಾನ ಮಾಡಿಕೊಂಡೆ. 1964ರ ಪೌರಸಭೆಗಳ ಕಾಯ್ದೆಯ ಪ್ರಕಾರ ನೆರೆಹೊರೆಗೆ ಅಪಾಯವೋ ಉಪದ್ರವವೋ ಆಗಬಹುದಾದ ಕಸುಬುಗಳಿಗೆ ಪರವಾನಗಿ ಬೇಕು. ಹೋಟೆಲಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲವೂ ಅದರ ಬಲೆಗೆ ಬೀಳುತ್ತವೆ.

ಅರ್ಜಿಯಲ್ಲಿ ‘ಉದ್ದಿಮೆಯ ಸ್ವರೂಪ’ ಎಂಬ ಅಂಕಣ. ಕಂಪ್ಯೂಟರಿನ ಪಟ್ಟಿಯಲ್ಲಿ ಅದಕ್ಕೆ ಹತ್ತಿರದ್ದು ‘ವಿದ್ಯುತ್ ಸಾಮಗ್ರಿಗಳ ಮಾರಾಟ’. ನಾನು ಏನನ್ನೂ ಮಾರುವುದಿಲ್ಲ ಎಂದೆ. “ಮಾರಬ್ಯಾಡ್ರಿ ಸರ, ಬರಿಯಾಕ ಏನು,” ಎಂದರು. ಸುಳ್ಳು ಬರೆಯಲು ಮಾಸ್ತರಿಕೆ ಅಡ್ಡ ಬಂತು. 2023ರಲ್ಲಿ ಕೇಂದ್ರ ಸರಕಾರ ವಿಶ್ವಕರ್ಮ ಯೋಜನೆ ತಂದಾಗ ಹದಿನೆಂಟು ಕಸುಬುಗಳ ಪಟ್ಟಿ ಮಾಡಿತು. ಬಡಿಗ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಗೌಂಡಿ, ಕ್ಷೌರಿಕ, ಹೂಮಾಲೆ ಕಟ್ಟುವವರು, ಬೀಗ ಮಾಡುವವರು, ದೋಣಿ ಮಾಡುವವರು ಎಲ್ಲರೂ ಇದ್ದಾರೆ. ಮಿಕ್ಸರಿನವನು ಇಲ್ಲ. ಹದಿನೆಂಟು ಎಂಬ ಸಂಖ್ಯೆಗೆ ನಮ್ಮ ಕಡೆ ಬಹಳ ಹಳೆಯ ಗೌರವವಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು 725ರಲ್ಲಿ ಲಕ್ಷ್ಮೇಶ್ವರದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಊರಿನ ಹದಿನೆಂಟು ಬಗೆಯ ಜನಕ್ಕೂ, ಯಾರು ಏನು ಕೊಡಬೇಕು, ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು ಎಂದು ಕಲ್ಲಿನಲ್ಲಿ ಕಟ್ಟಳೆ ಬರೆಸಿಕೊಟ್ಟ. ಅದರಲ್ಲಿ ಕಂಚುಗಾರರ ಶ್ರೇಣಿಯ ಹೆಸರೂ ಇದೆ. ಒಡೆದ ಹಂಡೆಗೆ ಬೆಸುಗೆ ಹಾಕುತ್ತಿದ್ದ ಯಾರಾದರೂ ಆ ಶ್ರೇಣಿಯಲ್ಲಿ ಇದ್ದೇ ಇರುತ್ತಾರೆಂದು ಊಹಿಸಿ, ಅವರನ್ನು ನನ್ನ ಮೂಲಪುರುಷರೆಂದು ಒಪ್ಪಿಕೊಂಡಿದ್ದೇನೆ. ಕಡೆಗೆ ಅಂಕಣದಲ್ಲಿ ‘ಇತರೆ’ ಎಂದು ಬರೆದೆ. ನಿವೃತ್ತರಿಗೆ ಆ ಪದ ಹೊಸದೇನಲ್ಲ.

ಮುಂದಿನ ಅಂಕಣ ‘ಬಳಸುವ ಶಕ್ತಿ, ಎಚ್.ಪಿ.ಗಳಲ್ಲಿ’. ಇಲ್ಲಿ ಮಾತ್ರ ನಾನು ಹುಷಾರಾದೆ, ಲೆಕ್ಕದ ವಿಷಯವಲ್ಲವೇ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟು. ಸಾಮಾನ್ಯ ಮಿಕ್ಸರು 750 ವ್ಯಾಟು. ಅಂದರೆ ಒಂದು ಮಿಕ್ಸರಿನಲ್ಲಿ ಒಂದು ಇಡೀ ಕುದುರೆ, ಬಾಲಕ್ಕೆಂದು ಇನ್ನೂ ನಾಲ್ಕು ವ್ಯಾಟು. ಕಟ್ಟೆಯ ಮೇಲೆ ಹನ್ನೊಂದು ಇವೆ. ಪ್ರಾಮಾಣಿಕನಾಗಿ ‘11’ ಎಂದು ಬರೆದುಕೊಟ್ಟೆ. ಗುಮಾಸ್ತರು ಕನ್ನಡಕ ತೆಗೆದರು.

“ಇದು ಗಿರಣಿ ಲೆಕ್ಕ ಆತಲ್ರಿ ಸರ. ಮನಿಯಾಗ ಇಷ್ಟು ನಡಿಯಂಗಿಲ್ಲ. ಹನ್ನೊಂದೂ ಕೂಡೇ ತಿರುಗಸ್ತೀರೇನು?”

“ಇಲ್ರಿ, ಒಂದಾದ ಮ್ಯಾಲ ಒಂದು.”

“ಹಂಗಾರ ಒಂದು ಬರೀರಿ.”

ಮನೆಗೆ ಬರುವ ದಾರಿಯುದ್ದಕ್ಕೂ ಬಾದಾಮಿಯ ಬಂಡೆಯ ಮೇಲಿನ ಶಾಸನ ನೆನಪಾಗುತ್ತಿತ್ತು. 543ರದು. ಒಂದನೆಯ ಪುಲಕೇಶಿ ಅಲ್ಲಿ ಕೋಟೆ ಕಟ್ಟಿದ್ದನ್ನೂ, ಅಶ್ವಮೇಧ ಮಾಡಿದವನು ಎಂಬುದನ್ನೂ ಅದು ಹೇಳುತ್ತದೆ. ಅವನ ಕುದುರೆ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲೆಲ್ಲಿ ತಿರುಗಿತೋ ಏನೋ. ನನ್ನ ಒಂದು ಕುದುರೆ ಕಟ್ಟೆ ಬಿಟ್ಟು ಇಳಿಯುವಂತಿಲ್ಲ, ತಿರುಗುವುದೇನಿದ್ದರೂ ನಿಂತಲ್ಲೇ.

ಬಾದಾಮಿಯ ಮಾತು ಬಂತೆಂದ ಮೇಲೆ ಅಲ್ಲಿಯವರ ಎದುರು ನನ್ನ ಗೋಳು ಹೇಳಿಕೊಳ್ಳುವಂತಿಲ್ಲ. ನಾನು ಮಿಕ್ಸರ್ ರಿಪೇರಿಗೆ ಅನುಮತಿ ಕೇಳಿದರೆ, ಅವರು ಮನೆ ರಿಪೇರಿಗೇ ಅನುಮತಿ ಕೇಳಬೇಕು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಒಪ್ಪಿಗೆ ಬೇಕು. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಅಲ್ಲಿ ನನ್ನ ಜೊತೆ ನೌಕರಿ ಮಾಡುತ್ತಿದ್ದವರೊಬ್ಬರ ಮಾಳಿಗೆ ಸೋರುತ್ತಿತ್ತು. ಮಳೆ ಬಂದಾಗ ಅವರು ಹಂಡೆ, ಕೊಡ, ಚರಿಗೆ, ವಾಟಿ ಎಲ್ಲ ಸಾಲಾಗಿ ಹರಡಿ ನಡುವೆ ಕೂತು, “ನಾವು ಚಾಲುಕ್ಯರ ನೆರಳಾಗ ಅದೀವ್ರಿ, ನೆರಳಷ್ಟ ಸಿಗತೈತಿ,” ಎನ್ನುತ್ತಿದ್ದರು. ಗುಡಿಗಳನ್ನು ಉಳಿಸಬೇಕಾದ್ದು ಹೌದು, ಅದರಲ್ಲಿ ಎರಡು ಮಾತಿಲ್ಲ. ಹುನಗುಂದದಲ್ಲಿದ್ದಾಗ ಹುಡುಗರನ್ನು ಕರೆದುಕೊಂಡು ಐಹೊಳೆಗೆ ಹೋಗುತ್ತಿದ್ದೆ. ಅಲ್ಲಿ ಲಾಡಖಾನ್ ಗುಡಿ ಇದೆಯಲ್ಲ, ಲಾಡಖಾನ್ ಎಂಬುವವರು ವಾಸವಾಗಿದ್ದದ್ದರಿಂದ ಆ ಹೆಸರು. ದೇವರ ಮನೆ ಮನುಷ್ಯರ ಮನೆಯಾಗಿ, ಮನುಷ್ಯರ ಮನೆ ಮತ್ತೆ ಸ್ಮಾರಕವಾಯಿತು. ಭೂಬಳಕೆ ಬದಲಾವಣೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಐಹೊಳೆಯಿಂದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಕಡಲಾಚೆಗೂ ವ್ಯಾಪಾರ ಮಾಡಿತು. ನಾನು ಕಟ್ಟೆಯಾಚೆಗೂ ಮಾಡುವಂತಿಲ್ಲ.

ಎಲ್ಲಿಗೆ ಬಂದೆ? ಹಾಂ, ಬಣ್ಣದ ನಕಾಶೆ. ಎರಡನೆಯ ಸಲ ಹೋದಾಗ ಗುಮಾಸ್ತರು, “ನಿಮ್ಮ ಪ್ಲಾಟು ಹಳದಿಯಾಗ ಐತ್ರಿ,” ಎಂದರು. ಅರಿಷಿಣ ಹಚ್ಚಿದ ಹಾಗೆ ಶುಭ ಸುದ್ದಿ ಎಂದುಕೊಂಡೆ. ಹಾಗಲ್ಲವಂತೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಊರಿಗೊಂದು ಮಹಾಯೋಜನೆ ಇರುತ್ತದೆ, ಅದರ ನಕಾಶೆಯಲ್ಲಿ ವಾಸದ ಜಾಗಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಹಳದಿಯೊಳಗೆ ಸಣ್ಣಪುಟ್ಟ ಕಸುಬು ನಡೆಸಬಹುದು, ಆದರೆ ಇಂತಿಷ್ಟೇ ಜಾಗದಲ್ಲಿ, ಇಂತಿಷ್ಟೇ ಕುದುರೆ ಕಟ್ಟಿ, ನೆರೆಯವರಿಗೆ ತ್ರಾಸಾಗದಂತೆ.

ರಾತ್ರಿ ಬೆಂಗಳೂರಿಗೆ ಫೋನು ಹಚ್ಚಿದೆ. ಅಣ್ಣನ ಮಗಳು ಅಲ್ಲಿ ನಗರ ಯೋಜನೆಯನ್ನೇ ಓದುತ್ತಿದ್ದಾಳೆ. “ಕಾಕಾ, ಇದಕ್ಕ ಏನಂತಾರ ಗೊತ್ತೇನು? ಯೂಕ್ಲಿಡಿಯನ್ ಜೋನಿಂಗ್!” ಎಂದು ನಕ್ಕಳು. ನಾನು ನಗಲಿಲ್ಲ. ಮೂವತ್ತಾರು ವರ್ಷ ಯೂಕ್ಲಿಡನ ರೇಖಾಗಣಿತ ಹೇಳಿಕೊಟ್ಟು ಪಿಂಚಣಿ ತಿನ್ನುತ್ತಿರುವವನು ನಾನು, ಅವನೇ ತಿರುಗಿಬಿದ್ದ ಹಾಗಾಯಿತು. ಅವಳು ಬಿಡಿಸಿ ಹೇಳಿದಳು. ಅಮೆರಿಕದ ಓಹಿಯೋದಲ್ಲಿ ಯೂಕ್ಲಿಡ್ ಎಂಬ ಹಳ್ಳಿ ಇತ್ತು. ಭೂಮಾಪಕರು ತಮ್ಮ ಕುಲಗುರುವಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಆ ಹಳ್ಳಿಯವರು ಊರನ್ನು ವಲಯಗಳಾಗಿ ಹಂಚಿದಾಗ 68 ಎಕರೆ ಹಿಡಿದು ಕೂತಿದ್ದ ಒಂದು ಭೂ ಕಂಪನಿ ಕೋರ್ಟಿಗೆ ಹೋಯಿತು. 1926ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹಳ್ಳಿಯ ಪರವಾಗಿ ತೀರ್ಪು ಕೊಟ್ಟಿತು. ಉಪದ್ರವವೆಂದರೆ ಕೆಟ್ಟ ವಸ್ತುವೇ ಆಗಬೇಕಿಲ್ಲ, ಒಳ್ಳೆಯದೇ ತಪ್ಪು ಜಾಗದಲ್ಲಿದ್ದರೂ ಉಪದ್ರವವೇ ಎನ್ನುವುದಕ್ಕೆ ನ್ಯಾಯಮೂರ್ತಿಗಳು ಕೊಟ್ಟ ದೃಷ್ಟಾಂತ: ಹಿತ್ತಲಲ್ಲಿರಬೇಕಾದ ಹಂದಿ ಪಡಸಾಲೆಗೆ ಬಂದ ಹಾಗೆ. ಫೋನಿನ ದನಿ ಜೋರಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ, “ಏನಂದ್ಲು? ಇನ್ನೊಮ್ಮೆ ಹೇಳಾಕ ಹೇಳ್ರಿ,” ಎಂದಳು.

ಗೆರೆ ಎಳೆಯುವ ವಿಷಯದಲ್ಲಿ ಬಾಗಲಕೋಟೆಯವರ ಅನುಭವದ ಮುಂದೆ ಓಹಿಯೋದವರು ಏನೂ ಅಲ್ಲ. ಸಮುದ್ರದಿಂದ ಇಷ್ಟು ದೂರದಲ್ಲಿ ಹುಟ್ಟಿ, ಸಮುದ್ರಮಟ್ಟದ ಲೆಕ್ಕ ಬಾಯಿಪಾಠ ಇರುವ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ. ಅಲ್ಲಿಯ ಚಹಾದಂಗಡಿಯಲ್ಲಿ ಕೂತವರನ್ನು ಕೇಳಿ ನೋಡಿ, 519.60 ಎನ್ನುತ್ತಾರೆ, 524.256 ಎನ್ನುತ್ತಾರೆ, ದಶಾಂಶದ ಸಮೇತ. ನನ್ನ ವಿದ್ಯಾರ್ಥಿಗಳು ದಶಾಂಶವನ್ನು ಅಷ್ಟು ಭಕ್ತಿಯಿಂದ ಎಂದೂ ಹೇಳಲಿಲ್ಲ. ಆಲಮಟ್ಟಿ ಜಲಾಶಯದ ನೀರು ಈಗ ಎಲ್ಲಿಯವರೆಗೆ ನಿಲ್ಲುತ್ತದೆ, ಇನ್ನು ಎತ್ತರಿಸಿದರೆ ಎಲ್ಲಿಯವರೆಗೆ ಬರುತ್ತದೆ ಎಂಬ ಮೀಟರುಗಳು ಅವು. ಗೆರೆಯ ಕೆಳಗಿನ ಮನೆ ಮುಳುಗಡೆ, ಮೇಲಿನದು ಮನೆ. ಮುಳುಗಿದವರಿಗಾಗಿ ನವನಗರ ಎದ್ದಿತು; ಅದಕ್ಕೆಂದೇ 1983ರಲ್ಲಿ ಪ್ರಾಧಿಕಾರದ ಕಾಯ್ದೆಯಾಯಿತು, ಹೊಸ ಊರಿನ ವಿನ್ಯಾಸಕ್ಕೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಬಂದರು. ಸೆಕ್ಟರುಗಳಾದವು, ನೇರ ರಸ್ತೆಗಳಾದವು. ಹಳೆಯ ಊರಿನಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟ ಎಂದು ಬಾಳಿದವರಿಗೆ ಈಗ ಸೆಕ್ಟರ್ ನಂಬರಿನ ಮನೆ. ಸ್ವಲ್ಪ ದಿನ ಸುಮ್ಮನಿದ್ದರು. ಆಮೇಲೆ ಒಂದು ಕಿಟಕಿಯಲ್ಲಿ ಸಾಬೂನು ಕಾಣಿಸಿತು, ಇನ್ನೊಂದು ವರಾಂಡದಲ್ಲಿ ಹೊಲಿಗೆ ಮಷೀನು ಕೂತಿತು, ಮತ್ತೊಂದು ಗೇಟಿಗೆ ‘ಇಲ್ಲಿ ಫಾಲ್, ಪೀಕೋ ಮಾಡಿಕೊಡಲಾಗುವುದು’ ಎಂಬ ರಟ್ಟು ನೇತುಬಿತ್ತು. ಎಷ್ಟು ಚಂದ ನಕಾಶೆ ಬರೆದರೂ ಒಂದು ಮಳೆಗಾಲ ಕಳೆಯುವುದರೊಳಗೆ ಕಿರಾಣಿ ಅಂಗಡಿ ಹುಲ್ಲಿನ ಹಾಗೆ ಮೊಳೆಯುತ್ತದೆ. ನನಗೇನೋ ಅದು ಒಳ್ಳೆಯದೇ ಅನ್ನಿಸುತ್ತದೆ, ರಾತ್ರಿ ಒಂಬತ್ತಕ್ಕೆ ಬೆಂಕಿಪೆಟ್ಟಿಗೆ ಬೇಕಾದಾಗಂತೂ.

ನನ್ನ ಹೆಂಡತಿಯ ಚಿಂತೆ ಬಣ್ಣದ್ದಲ್ಲ, ಬಿಲ್ಲಿನದು. 2023ರ ಆಗಸ್ಟಿನಿಂದ ನಮ್ಮ ಮನೆಗೆ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರುತ್ತಿದೆ. ನಾನು ಮೂವತ್ತಾರು ವರ್ಷ ಪಾಠ ಮಾಡಿದರೂ ಸೊನ್ನೆಗೆ ಇಷ್ಟು ಬೆಲೆ ಇದೆ ಎಂದು ಒಬ್ಬರಿಗೂ ಮನವರಿಕೆ ಮಾಡಿಕೊಡಲು ಆಗಿರಲಿಲ್ಲ. ಅವಳು ಆ ಬಿಲ್ಲುಗಳನ್ನು ದೇವರ ಜಗುಲಿಯ ಕೆಳಗಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಾಳೆ. ಆ ಯೋಜನೆ ಇರುವುದು ಮನೆಬಳಕೆಗೆ ಮಾತ್ರ. “ನಿಮ್ಮ ಮಿಕ್ಸರ್ ಸಂಬಂಧ ನನ್ನ ಸೊನ್ನಿ ಹೋತಂದ್ರ ನೋಡ್ರಿ ಮತ್ತ,” ಎಂದಳು. ನೋಡುವುದೇನಿರಲಿಲ್ಲ. ಕಟ್ಟೆಗೆಂದು ಬೇರೆ ಮೀಟರು, ವಾಣಿಜ್ಯ ದರದ್ದು, ಕೂಡಿಸಬೇಕಾಯಿತು. ಆ ತಿಂಗಳು ರಿಪೇರಿಯಿಂದ ಬಂದ ದುಡ್ಡು ಮೀಟರಿಗೇ ಹೋಯಿತು, ಮುಂದಿನ ತಿಂಗಳದ್ದೂ.

ಉಳಿದದ್ದು ನೆರೆಹೊರೆಯವರ ಒಪ್ಪಿಗೆ ಪತ್ರ. ಇದು ಸುಲಭ ಎಂದುಕೊಂಡಿದ್ದೆ. ಎದುರು ಮನೆಯವರು ಸಹಿ ಹಾಕಿ, ಹಾಕಿದ್ದಕ್ಕೆ ಒಂದು ಇಸ್ತ್ರಿಪೆಟ್ಟಿಗೆ ಕೊಟ್ಟು ಕಳಿಸಿದರು. ಹಿಂದಿನ ಮನೆಯವರು ಓದದೇ ಸಹಿ ಹಾಕಿದರು. ಬಾಜೂಮನೆಯ ಅಕ್ಕಾರು ಮಾತ್ರ ಕಾಗದವನ್ನು ಪೂರ್ತಿ ಓದಿದರು. ‘ಸದರಿಯವರ ಉದ್ದಿಮೆಯಿಂದ ನಮಗೆ ಯಾವುದೇ ತೊಂದರೆ ಇರುವುದಿಲ್ಲ’ ಎಂಬಲ್ಲಿ ಬೆರಳಿಟ್ಟರು.

“ತೊಂದರಿ ಐತಲ್ರಿ ಮಾಸ್ತರ್ರ.”

“ಸಪ್ಪಳದ್ದೇನ್ರಿ?”

“ಸಪ್ಪಳ ಎಲ್ಲೈತ್ರಿ? ನಮ್ಮ ಮಿಕ್ಸರ್ ಸಪ್ಪಳನ ಇಲ್ಲ. ಶ್ರಾವಣದಾಗ ಒಯ್ದಿದ್ರಿ. ಈಗ ಬನದ ಹುಣ್ಣಿವಿ ಬಂತು.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಡೆದದ್ದು ಇಷ್ಟು: ಅವರದು ಹಳೆಯ ಮಾದರಿಯ ಮಿಕ್ಸರು. ಅದರ ಒಂದು ಬುಶ್ಶನ್ನು ಬಿಚ್ಚಿ, ‘ಎರಡು ದಿನದ ಮಟ್ಟಿಗೆ’ ಎಂದುಕೊಂಡು, ಮದುವೆ ಮನೆಯವರೊಬ್ಬರ ಮಿಕ್ಸರಿಗೆ ಹಾಕಿ ಕೊಟ್ಟಿದ್ದೆ. ಆ ಮದುವೆಯ ಮದುಮಗಳು ಈಗ ಬಸುರಿ. ಐದು ತಿಂಗಳಿಂದ ಅಕ್ಕಾರು ಚಟ್ನಿಗೆಂದು ಜಾರು ಹಿಡಿದು ಮೂರನೆಯ ಮನೆಗೆ ಹೋಗುತ್ತಿದ್ದರಂತೆ. ಇನ್ನೂ ನಾಚಿಕೆಯ ಸಂಗತಿ ಎಂದರೆ, ದಸರೆಯಿಂದ ನಮ್ಮ ಮನೆಯ ಮಿಕ್ಸರೂ ಕೆಟ್ಟು ಕೂತಿತ್ತು; ನನ್ನ ಹೆಂಡತಿಯೂ ಅದೇ ಮೂರನೆಯ ಮನೆಗೆ ಹೋಗುತ್ತಿದ್ದಳು. ಇಬ್ಬರೂ ಅಲ್ಲಿ ಭೇಟಿಯಾಗಿ ಏನೇನು ಮಾತಾಡಿಕೊಂಡಿದ್ದರೋ ಆ ಶಿವನೇ ಬಲ್ಲ.

“ಮಿಕ್ಸರ್ ಕೊಡ್ರಿ, ಸಹಿ ಒಯ್ರಿ,” ಎಂದರು ಅಕ್ಕಾರು. ನ್ಯಾಯವಾಗಿಯೇ ಇತ್ತು. ಆ ಬುಶ್ಶಿಗಾಗಿ ಇಳಕಲ್ಲು ಹುಡುಕಿದೆ, ಹುನಗುಂದ ಹುಡುಕಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಮಾತ್ರ ಸಿಕ್ಕಿತು, ಅರ್ಧ ಕಿಲೋ ತೆಗೆದುಕೊಂಡೆ. ಬನಶಂಕರಿ ಜಾತ್ರೆಯಲ್ಲೂ ನೋಡಿದೆ. ಅಲ್ಲಿ ಇಡೀ ಮನೆಗಾಗುವಷ್ಟು ಬಾಗಿಲು, ಚೌಕಟ್ಟು ಸಿಗುತ್ತವೆ, ರಾತ್ರಿಯಾದರೆ ನಾಟಕ ಸಿಗುತ್ತದೆ, ಬುಶ್ ಸಿಗುವುದಿಲ್ಲ. ನಾಟಕ ಮಾತ್ರ ನೋಡಿಕೊಂಡು ಬಂದೆ. ಕೊನೆಗೆ ಹಳೆಯ ಬಾಗಲಕೋಟೆಯ ಒಂದು ಸಂದಿಯಲ್ಲಿ, ಧೂಳು ಹಿಡಿದ ಬಿಸ್ಕೀಟು ಡಬ್ಬಿಯ ತಳದಲ್ಲಿ, ಒಂದು ಸಿಕ್ಕಿತು. ಅಂಗಡಿಯ ಮುದುಕರು ಹದಿನೈದು ರೂಪಾಯಿ ಎಂದರು. ನನ್ನ ಬಸ್ ಚಾರ್ಜು, ಕರದಂಟು, ನಾಟಕದ ತಿಕೀಟು ಸೇರಿಸಿದರೆ ಅದು ನನ್ನ ಜೀವಮಾನದ ಅತಿ ದುಬಾರಿ ಬುಶ್.

ಸಹಿ ಬಂತು. ಅರ್ಜಿ ಒಳಗೆ ಹೋಯಿತು. ಹದಿನೈದು ಅಂಕಿಯ ಒಂದು ಸಂಖ್ಯೆ ಬರೆದ ಚೀಟಿ ಕೈಗೆ ಕೊಟ್ಟರು. ಅದು ಸಕಾಲದ ಚೀಟಿ. 2011ರ ಕಾಯ್ದೆ, ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು, ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500ರ ಮಿತಿಯೊಳಗೆ, ಪರಿಹಾರ ಕೊಡಬೇಕು, ಮೇಲ್ಮನವಿಯೂ ಉಂಟು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿಗೆ ವಿವರವಾಗಿ ಹೇಳಿದೆ. ಅವಳು ಎಂದೂ ಇಲ್ಲದ ಆಸಕ್ತಿಯಿಂದ ಕೇಳಿದಳು. ಆಗಲೇ ನಾನು ಎಚ್ಚರಾಗಬೇಕಿತ್ತು.

ಸ್ಥಳ ಪರಿಶೀಲನೆಗೆ ಬರುವ ಮೊದಲು ಮನೆಯ ಕಚ್ಚಾ ನಕ್ಷೆ ಬರೆದು, ಉದ್ದಿಮೆ ನಡೆಯುವ ಭಾಗವನ್ನು ಗೀಟು ಎಳೆದು ತೋರಿಸಿ ಎಂದಿದ್ದರು. ರೇಖಾಗಣಿತದವನಿಗೆ ಇದಕ್ಕಿಂತ ಸುಖ ಬೇಕೇ? ಪಟ್ಟಿ, ಕೈವಾರ ತೆಗೆದೆ, ಒಂದಕ್ಕೆ ಐವತ್ತರ ಪ್ರಮಾಣದಲ್ಲಿ ಮನೆ ಬರೆದೆ. ಕಟ್ಟೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, 96 ಚದರಡಿ. ಅದಕ್ಕೆ ನೀಲಿ ಪೆನ್ಸಿಲು ಹಚ್ಚಿದೆ. ಚಹಾ ತಂದ ಹೆಂಡತಿ ನಿಂತು ನೋಡಿದಳು. “ಇಷ್ಟ ಏನ್ರಿ?” ಎಂದು ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡಳು. ಮಲಗುವ ಕೋಣೆಯ ಮಂಚದ ಕೆಳಗೆ ನೀಲಿ ಬಂತು: ಅಲ್ಲಿ ಫ್ಯಾನಿನ ರೆಕ್ಕೆಗಳಿವೆ. ಅಡುಗೆಮನೆಯ ಮಾಡದಲ್ಲಿ ಬಂತು: ಬೇಳೆ ಡಬ್ಬಿಯ ಪಕ್ಕದಲ್ಲಿ ನನ್ನ ಸ್ಕ್ರೂ ಡಬ್ಬಿ. ಬಚ್ಚಲಲ್ಲಿ ಬಂತು: ಸೀಮೆಎಣ್ಣೆಯಲ್ಲಿ ನೆನೆಹಾಕಿದ ಬೇರಿಂಗು. ದೇವರ ಜಗುಲಿಯ ಹತ್ತಿರ ಪೆನ್ಸಿಲು ಒಂದು ಗಳಿಗೆ ತಡೆಯಿತು. ಹೋದ ವರ್ಷ ಸಂಕ್ರಮಣದಲ್ಲಿ ಕಳೆದುಹೋಗಿದ್ದ ನನ್ನ ಇಕ್ಕಳ ಅಲ್ಲಿ ಸಿಕ್ಕಿತ್ತು. ಅಲ್ಲೂ ಬಂತು. ಹಳದಿ ಉಳಿದದ್ದು ಒಲೆಯ ಸುತ್ತ ಒಂದಿಷ್ಟು, ತುಳಸಿಕಟ್ಟೆ ಒಂದಿಷ್ಟು.

ಇಳಕಲ್ಲಿನ ನೇಕಾರರ ಮನೆಯ ಕಥೆ ತೆಗೆದೆ, ಮನೆ ಬೇರೆ ಕಸುಬು ಬೇರೆ ಎಂದು ನಮ್ಮಲ್ಲಿ ಎಲ್ಲಿತ್ತು ಎಂದು. “ಅಲ್ಲಿ ಆ ತಾಯಿ ಕೊಂಡಿ ಕೂಡಸ್ತಿದ್ರು, ಸೀರಿಯಾಗ ಅವರ ಕೈನೂ ಇತ್ತು,” ಎಂದಳು ಇವಳು. “ನಿಮ್ಮ ಬೇರಿಂಗಿನಾಗ ನಂದೇನೈತಿ, ಬಚ್ಚಲ ತಿಕ್ಕೂದು ಬಿಟ್ಟು?” ಗುಳೇದಗುಡ್ಡದವಳು, ಮನೆಮನೆಯಲ್ಲಿ ಖಣ ನೇಯುವುದನ್ನು ನೋಡಿ ಬೆಳೆದವಳು. ನೇಯ್ಗೆಯ ದೃಷ್ಟಾಂತವನ್ನು ಅವಳ ಮುಂದೆ ತೆಗೆಯಬಾರದಿತ್ತು.

ಹೊಸ ಹಾಳೆಯಲ್ಲಿ ಮತ್ತೆ ನಕ್ಷೆ ಬರೆದೆ. ನೀಲಿ ಬರೀ ಕಟ್ಟೆಗೆ. ಆ ನಕ್ಷೆ ಸುಳ್ಳಾಗಬಾರದೆಂದು ಎರಡು ದಿನ ಮನೆಯ ಮೂಲೆಮೂಲೆಯಿಂದ ಸಾಮಾನು ಹೊತ್ತು ತಂದು ಕಟ್ಟೆಗೆ ಸುರಿದೆ. ಪರಿಶೀಲನೆಗೆ ಬಂದವರು ಕಟ್ಟೆ ಅಳೆದರು, ತಂತಿ ನೋಡಿದರು, ಒಂದು ಬಕೀಟು ಮರಳು ಇಡಲು ಹೇಳಿದರು, ಚಹಾ ಕುಡಿದರು. “ಈ ಹೊಸ್ತಿಲ ದಾಟಿ ಒಳಗ ಉದ್ದಿಮಿ ಹೋಗಬಾರದು ನೋಡ್ರಿ ಸರ,” ಎಂದು ಹೇಳಿ ಹೋದರು. ಬಾಗಿಲ ಮರೆಯಲ್ಲಿ ನಿಂತವಳು ಅದನ್ನು ಕೇಳಿಸಿಕೊಂಡಳು.

ಪರವಾನಗಿ ಸಿಕ್ಕಿತು. ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ನಿಯಮ, ತೂಗುಹಾಕಿದ್ದೇನೆ. ನನ್ನ ಬಿ.ಎಡ್. ಪದವಿ ಪತ್ರಕ್ಕೂ ಆ ಭಾಗ್ಯ ಸಿಕ್ಕಿರಲಿಲ್ಲ. ಅವಧಿ ಮಾರ್ಚ್ 31ರವರೆಗೆ. ಸಿಕ್ಕದ್ದು ಮಾರ್ಚ್ 9ಕ್ಕೆ. ಬೋರ್ಡಿನ ಮೇಲೆ ಏನು ಬರೆಸುವುದೆಂದು ಇನ್ನೂ ತೀರ್ಮಾನವಾಗಿಲ್ಲ. 2024ರ ಕಾಯ್ದೆಯಂತೆ ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಬೇಕು. ರಿಪೇರಿ ಇಂಗ್ಲಿಷಿನಿಂದ ಬಂದದ್ದು, ದುರಸ್ತಿ ಪಾರಸಿಯಿಂದ ಬಂದದ್ದು, ಮಿಕ್ಸರು ಎಲ್ಲಿಯದೆಂದು ಹೇಳಬೇಕಿಲ್ಲ. ‘ಇಲ್ಲಿ’ ಎಂಬುದೊಂದೇ ಅಪ್ಪಟ ಕನ್ನಡ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆಸಿದರೆ ಪೂರ್ತಿ ನೂರಕ್ಕೆ ನೂರು ಎಂದು ಬೋರ್ಡು ಬರೆಯುವ ಹುಡುಗ ಧೈರ್ಯ ಹೇಳಿದ್ದಾನೆ.

ಪರವಾನಗಿ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಸ್ತಿಲಿನ ಹೊರಗೆ ರಂಗೋಲಿ ಪುಡಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಂದು ಗೆರೆ. ಯೂಕ್ಲಿಡ್ ನೋಡಿದ್ದರೆ ಮೆಚ್ಚುತ್ತಿದ್ದ, ಅಷ್ಟು ನೇರ. ಅಂದಿನಿಂದ ಒಳಗೆ ಉರುಳಿದ ನಟ್ಟು ನನಗೆ ವಾಪಸು ಸಿಗುವುದಿಲ್ಲ. ಜಪ್ತಿಯಾಗಿ ಬೇಳೆ ಡಬ್ಬಿಯ ಪಕ್ಕ ಕೂರುತ್ತದೆ. ಸ್ಕ್ರೂಡ್ರೈವರ್ ಹಿಡಿದು ನೀರು ಕುಡಿಯಲು ಒಳಗೆ ಹೋದರೆ, “ಹಳದಿಯಾಗ ಬಂದೀರಿ,” ಎಂಬ ದನಿ ಬರುತ್ತದೆ.

ಮೂರನೆಯ ದಿನ ಅವಳೇ ಗೆರೆಯ ಆಚೆ ಬಂದು ನಿಂತಳು. ಎರಡೂ ಕೈಯಲ್ಲಿ ನಮ್ಮ ಮನೆಯ ಮಿಕ್ಸರು. ದಸರೆಯಿಂದ ಕೆಟ್ಟದ್ದು. ಗೆರೆಯ ಮೇಲಿನಿಂದ ನನಗೆ ದಾಟಿಸಿ, “ಎಷ್ಟು ದಿವಸದಾಗ ಕೊಡ್ತೀರಿ, ಬರದ ಕೊಡ್ರಿ,” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಳೆಯ ಹಾಜರಿ ಪುಸ್ತಕದ ಹಾಳೆ ಹರಿದು ಏಳು ದಿನ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ ಕೊಟ್ಟೆ. ಚೀಟಿ ಸೊನ್ನೆ ಬಿಲ್ಲುಗಳ ಡಬ್ಬಿಗೆ ಹೋಯಿತು.

ಮೊದಲ ದಿನವೇ ತಳದ ಕೆಂಪು ಗುಂಡಿ ಒತ್ತಿ ನೋಡಿದೆ. ಏಳಲಿಲ್ಲ. ಆರ್ಮೇಚರ್ ಸುಟ್ಟಿದೆ, ಆ ಮಾದರಿ ಈಗ ಬರುವುದಿಲ್ಲ. ಇವತ್ತಿಗೆ ಹನ್ನೊಂದನೆಯ ದಿನ. ದಿನಕ್ಕೆ ಇಪ್ಪತ್ತರಂತೆ ಎಂಬತ್ತು ರೂಪಾಯಿ ಆಗಿದೆ ಎಂದು ಬೆಳಿಗ್ಗೆ ಚಹಾದ ಜೊತೆ ತಿಳಿಸಿದ್ದಾಳೆ. ಮೇಲ್ಮನವಿ ಪ್ರಾಧಿಕಾರ ಗುಳೇದಗುಡ್ಡದಲ್ಲಿರುವ ಅವಳ ಅಕ್ಕ. ಅವರು ನಾಡಿದ್ದು ಮಂಗಳವಾರದ ಬಸ್ಸಿಗೆ ಬರುತ್ತಾರಂತೆ.